ತೆಂಗಿನ ಗರಿಯಂಚಿನ ನೇರಳೆ ಗೆರೆ: ಸ್ಟಾಕ್ ಸೈಟಿನಲ್ಲಿ ಫೋಟೋ ಪಾಸಾಗಬೇಕಾದರೆ

ಮೊದಲ ಸಲ ನಾನು ಒಂದು ಸ್ಟಾಕ್ ಸೈಟಿಗೆ ಹತ್ತು ಫೋಟೋ ಕಳಿಸಿದ್ದೆ. ಒಂಬತ್ತು ವಾಪಸ್ ಬಂದವು. ಅದರಲ್ಲಿ ನನಗೆ ಬಹಳ ಇಷ್ಟವಾಗಿದ್ದ ಫೋಟೋನೂ ಇತ್ತು: ಶರಾವತಿ ಹಿನ್ನೀರು, ಸಂಜೆ ಹೊತ್ತು, ಎದುರಿಗೆ ಎರಡು ತೆಂಗಿನ ಮರ. ಫೇಸ್‌ಬುಕ್ಕಿನಲ್ಲಿ ಸಿಕ್ಕಾಪಟ್ಟೆ ಲೈಕ್ ಬಿದ್ದಿದ್ದ ಫೋಟೋ ಅದು. ಸೈಟಿನವರು ಕೊಟ್ಟ ಕಾರಣ ಒಂದೇ ಸಾಲು, ತಾಂತ್ರಿಕ ದೋಷ ಅಂತ. ಏನು ದೋಷ, ಎಲ್ಲಿದೆ, ಒಂದೂ ಇಲ್ಲ. ಸಿಟ್ಟು ಬಂತು. ಎರಡು ದಿನ ಬಿಟ್ಟು ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಪೂರ್ತಿ ಸೈಜಿಗೆ, ಅಂದರೆ 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿದೆ. ತೆಂಗಿನ ಗರಿಯ ಒಂದೊಂದು ಎಲೆಯ ಅಂಚಿಗೂ ಯಾರೋ ನೇರಳೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಹಾಗಿತ್ತು. ಮೊಬೈಲಿನ ಪರದೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಹೋರ್ಡಿಂಗಿನ ಮೇಲೆ ಎಲ್ಲರಿಗೂ ಕಾಣುತ್ತದೆ.

ಈ ಸೈಟುಗಳು ಫೋಟೋದ ಅಂಗಡಿಗಳು. ಕೊಳ್ಳುವವರು ಜಾಹೀರಾತು ಮಾಡುವವರು, ಪಠ್ಯಪುಸ್ತಕ ಅಚ್ಚು ಹಾಕುವವರು, ವೆಬ್‌ಸೈಟ್ ಕಟ್ಟುವವರು. 2003ರಲ್ಲಿ ಜಾನ್ ಓರಿಂಜರ್ ತಾವೇ ತೆಗೆದ ಸುಮಾರು 30,000 ಫೋಟೋ ಇಟ್ಟುಕೊಂಡು ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಶುರು ಮಾಡಿದರು. ಈಗ ಅಲ್ಲಿ 40 ಕೋಟಿಗೂ ಹೆಚ್ಚು ಚಿತ್ರಗಳಿವೆ. ಹಾಗಾಗಿ ನಮ್ಮ ಫೋಟೋ ಚಂದ ಇದೆಯಾ ಇಲ್ಲವಾ ಅನ್ನೋದು ಅಲ್ಲಿ ಕೂತು ನೋಡುವವರ ಮುಖ್ಯ ಪ್ರಶ್ನೆ ಅಲ್ಲ. ಇದನ್ನು ದುಡ್ಡು ಕೊಟ್ಟು ಕೊಂಡವರಿಗೆ ನಾಳೆ ಏನಾದರೂ ತೊಂದರೆ ಆಗುತ್ತದಾ? ದೊಡ್ಡದಾಗಿ ಪ್ರಿಂಟ್ ಹಾಕಿದರೆ ಮಸುಕಾಗುತ್ತದಾ? ಫೋಟೋದಲ್ಲಿರುವವರು ಜಗಳಕ್ಕೆ ಬರುತ್ತಾರಾ? ಅವರು ನೋಡುವುದು ಇದನ್ನು. ಆ ತೊಂದರೆಗಳನ್ನು ಅವರಿಗಿಂತ ಮುಂಚೆ ನಾವೇ ಹುಡುಕಿಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ.

ಯಾವ ಸೈಟು, ಎಷ್ಟು ದೊಡ್ಡ ಫೈಲು

ಹೊಸಬರಿಗೆ ಶಟರ್‌ಸ್ಟಾಕ್ ಮತ್ತು ಅಡೋಬಿ ಸ್ಟಾಕ್ ಎರಡು ಸಾಕು. ಅಡೋಬಿಯದ್ದು ಮೊದಲು ಫೋಟೋಲಿಯಾ ಅಂತ ಇತ್ತು, 2015ರಲ್ಲಿ ಅಡೋಬಿ ಅದನ್ನು ಕೊಂಡುಕೊಂಡಿತು. ಇವೆರಡರಲ್ಲೂ ಒಂದೇ ಫೋಟೋವನ್ನು ಹಾಕಬಹುದು, ಬೇರೆ ಕಡೆ ಹಾಕಬೇಡಿ ಅನ್ನುವ ಷರತ್ತಿಲ್ಲ. ಇಂಗ್ಲೆಂಡಿನ ಅಲಾಮಿ ಸ್ವಲ್ಪ ಬೇರೆ ಥರ. ಅಲ್ಲಿ ಮೊದಲು ಮೂರು ಫೋಟೋ ಕಳಿಸಿ ಪರೀಕ್ಷೆ ಪಾಸಾಗಬೇಕು, ಒಂದು ಫೇಲಾದರೂ ಮೂರೂ ವಾಪಸ್. ಅದನ್ನು ಆಮೇಲೆ ನೋಡಿಕೊಳ್ಳಿ.

ಖಾತೆ ತೆರೆಯುವುದು ಕಷ್ಟವಿಲ್ಲ. 18 ವರ್ಷ ಆಗಿರಬೇಕು. ಹೆಸರನ್ನು ಮಾತ್ರ ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೇ ಹಾಕಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೆ ದುಡ್ಡು ಬರುವ ಹೊತ್ತಿಗೆ ತಲೆನೋವು.

ಫೈಲು ಜೆಪೆಗ್ ಇರಬೇಕು, ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ, ಕನಿಷ್ಠ 4 ಮೆಗಾಪಿಕ್ಸೆಲ್. ಈಗಿನ ಯಾವ ಮೊಬೈಲಿಗೂ ಇದು ದೊಡ್ಡ ವಿಷಯ ಅಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ 4000 ಬೈ 3000, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಬಿಸಾಕಿದರೂ ಸಾಕಾಗುತ್ತದೆ. ಆದರೆ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಮೊಬೈಲಿನಲ್ಲಿ ತೆಗೆದು, ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಂಡು, ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಅಪ್‌ಲೋಡ್ ಮಾಡುತ್ತಾರೆ. ವಾಟ್ಸಾಪ್ ಸುಮ್ನೆ ಕಳಿಸುವುದಿಲ್ಲ, ಮಾಮೂಲಿ ಸೆಟ್ಟಿಂಗಿನಲ್ಲಿ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಇಳಿಸಿ ಹಿಂಡಿಬಿಡುತ್ತದೆ. ಎರಡು ಮೆಗಾಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಕೇಬಲ್ ಹಾಕಿ, ಇಲ್ಲವೇ ಡ್ರೈವಿಗೆ ಹಾಕಿ ತೆಗೆದುಕೊಳ್ಳಿ. ಸಣ್ಣ ಫೋಟೋವನ್ನು ಸಾಫ್ಟ್‌ವೇರಿನಲ್ಲಿ ಉಬ್ಬಿಸಿ ಕಳಿಸುವ ಕೆಲಸ ಬೇಡ. ಹಿಗ್ಗಿಸಿ ನೋಡುವವರಿಗೆ ಅದು ಮೊದಲೇ ಕಾಣುತ್ತದೆ.

ಏನನ್ನು ತೆಗೆಯಬೇಕು

ವಾಪಸ್ ಬಾರದೆ ಉಳಿದ ಆ ಹತ್ತನೇ ಫೋಟೋ ಯಾವುದು ಅಂದರೆ, ಅಡಿಕೆ ಸುಲಿಯುತ್ತಿದ್ದ ಎರಡು ಕೈ. ಲೆಕ್ಕ ತುಂಬಲಿ ಅಂತ ಹಾಕಿದ್ದು.

ಸೂರ್ಯಾಸ್ತ, ಗುಲಾಬಿ ಹೂವು, ಮನೆ ನಾಯಿ ಇವು ಅಲ್ಲಿ ಈಗಾಗಲೇ ರಾಶಿ ಬಿದ್ದಿವೆ. ನಿಮ್ಮ ಊರಿನಲ್ಲಿ ದಿನಾ ನಡೆಯುವ ಕೆಲಸಗಳು ಅಷ್ಟಿಲ್ಲ. ನಮ್ಮ ಸಾಗರದ ಕಡೆ ಅಡಿಕೆ ಒಂದನ್ನೇ ತೆಗೆದುಕೊಳ್ಳಿ. ಕೊನೆ (ಅಡಿಕೆ ಗೊನೆ) ಕೊಯ್ಯುವುದು, ಸುಲಿಯುವುದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸುವುದು, ಅಟ್ಟದ ಮೇಲೆ ಹರಡುವುದು, ಆರಿಸುವುದು, ಮಂಡಿಗೆ ಹೊರಡುವ ಮೂಟೆ. ಒಂದೊಂದೂ ಬೇರೆ ಬೇರೆ ಫೋಟೋ. ಕೃಷಿ ಪತ್ರಿಕೆಗೋ, ಬ್ಯಾಂಕಿನ ಸಾಲದ ಕರಪತ್ರಕ್ಕೋ ಯಾರಿಗಾದರೂ ಬೇಕಾಗುತ್ತದೆ. ರಾಮನಗರದ ಕಡೆಯವರಿಗೆ ರೇಷ್ಮೆ ಗೂಡು, ಬ್ಯಾಡಗಿಯವರಿಗೆ ಕಣದಲ್ಲಿ ಒಣಗುವ ಮೆಣಸಿನಕಾಯಿ. ಬೆಂಗಳೂರಿನವರು ಇಲ್ಲೇನಿದೆ ಅನ್ನಬೇಡಿ. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯೋದು, ಪಿಜಿ ರೂಮಿನ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡೋದು, ಸೊಪ್ಪಿನ ಗಾಡಿಯ ಮುಂದೆ ಫೋನ್ ಹಿಡಿದು ದುಡ್ಡು ಕೊಡೋದು ಎಲ್ಲವೂ ವಿಷಯವೇ.

ಹಾಗಂತ ಒಂದೇ ಬುಟ್ಟಿ ಅಡಿಕೆಯನ್ನು ಮೂವತ್ತು ಸಲ ತೆಗೆದು ಮೂವತ್ತನ್ನೂ ಕಳಿಸಬೇಡಿ. ಒಂದೇ ಥರದವು ಅಂತ ಹೇಳಿ ಒಟ್ಟಿಗೇ ವಾಪಸ್ ಕಳಿಸುತ್ತಾರೆ. ಒಂದು ವಿಷಯಕ್ಕೆ ನಾಲ್ಕೈದು ಸಾಕು, ಅವೂ ಬೇರೆ ಬೇರೆಯಾಗಿರಲಿ: ದೂರದಿಂದ ಒಂದು, ಕೈ ಮಾತ್ರ ಒಂದು, ನೇರ ಮೇಲಿನಿಂದ ಒಂದು. ಒಂದರಲ್ಲಿ ಅರ್ಧ ಚೌಕಟ್ಟನ್ನು ಖಾಲಿ ಬಿಡಿ. ಫೋಟೋ ಸ್ಪರ್ಧೆಯಲ್ಲಿ ಹೀಗೆ ಖಾಲಿ ಬಿಟ್ಟರೆ ಮಾರ್ಕ್ ಹೋಗಬಹುದು. ಇಲ್ಲಿ ಆ ಖಾಲಿ ಜಾಗದಲ್ಲೇ ಕೊಂಡವರು ತಮ್ಮ ಅಕ್ಷರ ಕೂರಿಸುವುದು.

ತೆಗೆಯುವಾಗ

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 100ರಿಂದ 400ರ ಒಳಗೆ ಇರಲಿ. ಕತ್ತಲೆ ಅಡುಗೆಮನೆಯಲ್ಲಿ 3200ಕ್ಕೆ ಏರಿಸಿ ತೆಗೆದರೆ ನೆರಳಿನ ಜಾಗದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತದೆ. ಅದರ ಬದಲು ಸಾಮಾನನ್ನು ಎತ್ತಿಕೊಂಡು ಕಿಟಕಿ ಹತ್ತಿರ ಬನ್ನಿ. ಜಗಲಿ ಇನ್ನೂ ಒಳ್ಳೆಯದು: ಬಿಸಿಲು ನೇರ ಬೀಳುವುದಿಲ್ಲ, ಬೆಳಕು ಮಾತ್ರ ಬೇಕಾದಷ್ಟು. ಬಿಳಿ ಪಂಚೆ, ಮಲ್ಲಿಗೆ, ಅನ್ನ ಇಂಥ ಬಿಳಿ ವಸ್ತುಗಳಿದ್ದರೆ ಸ್ವಲ್ಪ ಕಡಿಮೆ ಬೆಳಕಿಗೇ ಸೆಟ್ ಮಾಡಿ. ಬಿಳಿ ಸುಟ್ಟುಹೋದರೆ ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರುವುದಿಲ್ಲ.

ಮೊಬೈಲಿನಲ್ಲಿ ಪೋರ್ಟ್ರೇಟ್ ಮೋಡ್ ಬಳಸಬೇಡಿ. ಹಿನ್ನೆಲೆ ಮಸುಕಾಗಿ ಚಂದ ಕಾಣುತ್ತದೆ, ನಿಜ. ಆದರೆ ಅದು ಲೆನ್ಸ್ ಮಾಡಿದ ಮಸುಕಲ್ಲ, ಫೋನು ಲೆಕ್ಕ ಹಾಕಿ ಬಳಿದದ್ದು. ಕೂದಲಿನ ಅಂಚು, ಕನ್ನಡಕದ ಕಡ್ಡಿ, ಜುಮುಕಿಯ ತೂತು ಇಲ್ಲೆಲ್ಲ ಅದು ಎಡವುತ್ತದೆ. ಬ್ಯೂಟಿ ಫಿಲ್ಟರ್ ಅಂತೂ ಬೇಡವೇ ಬೇಡ. ಡಿಜಿಟಲ್ ಜೂಮ್ ಬದಲು ನಾಲ್ಕು ಹೆಜ್ಜೆ ಹತ್ತಿರ ಹೋಗಿ.

ಹಂಪಿಯಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು, ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

100 ಪರ್ಸೆಂಟಿಗೆ ಹಿಗ್ಗಿಸಿ ನೋಡುವುದು

ಈ ಹಂತ ಬೋರು ಹೊಡೆಸುತ್ತದೆ. ಫೋಟೋ ಪಾಸಾಗುವುದು, ಬಿಡುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಇದ್ದರೆ ಸರಿ. ದುಡ್ಡು ಕೊಡಲು ಇಷ್ಟವಿಲ್ಲದಿದ್ದರೆ ಡಾರ್ಕ್‌ಟೇಬಲ್, ಜಿಂಪ್ ಎರಡೂ ಉಚಿತ. ಫೋಟೋವನ್ನು 100 ಪರ್ಸೆಂಟಿಗೆ ತಂದು ಎಡಗಡೆ ಮೇಲಿನ ಮೂಲೆಯಿಂದ ಶುರು ಮಾಡಿ. ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಕೆಳಗಿನ ಮೂಲೆಯವರೆಗೆ ಬನ್ನಿ. ನಾನು ನೋಡುವ ಕ್ರಮ ಹೀಗಿದೆ.

ಮೊದಲು ಫೋಕಸ್. ಮುಖ ಇದ್ದರೆ ಕಣ್ಣಿನ ರೆಪ್ಪೆ ಎಣಿಸುವ ಹಾಗಿರಬೇಕು. ತಟ್ಟೆಯಲ್ಲಿ ಊಟ ಇದ್ದರೆ ಮುದ್ದೆ ಸ್ಪಷ್ಟವಾಗಿರಬೇಕು, ಹಿಂದಿನ ಲೋಟ ಅಲ್ಲ. ಬೇಕಾದ ಜಾಗ ಸ್ವಲ್ಪ ಮಸುಕಾಗಿದ್ದರೂ ಆ ಫೋಟೋ ಬಿಟ್ಟುಬಿಡಿ. ಶಾರ್ಪ್‌ನೆಸ್ ಏರಿಸಿ ಸರಿ ಮಾಡುತ್ತೇನೆ ಅಂತ ಹೊರಟರೆ ಅಂಚುಗಳಲ್ಲಿ ಬಿಳಿ ಪ್ರಭಾವಳಿ ಬರುತ್ತದೆ, ಅದಕ್ಕೆ ಇನ್ನೊಂದು ರಿಜೆಕ್ಷನ್.

ಆಮೇಲೆ ಆ ನೇರಳೆ ಗೆರೆ. ಗಾಢ ಬಣ್ಣದ ವಸ್ತುವಿನ ಹಿಂದೆ ಬೆಳ್ಳಗಿನ ಆಕಾಶ ಇದ್ದಾಗ ಲೆನ್ಸ್ ಎಲ್ಲ ಬಣ್ಣಗಳನ್ನೂ ಒಂದೇ ಜಾಗಕ್ಕೆ ಸೇರಿಸಲು ಆಗದೆ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಬಿಡುತ್ತದೆ. ಕ್ರೊಮ್ಯಾಟಿಕ್ ಅಬೆರೇಷನ್ ಅಂತ ಅದರ ಹೆಸರು. ತೆಂಗು, ಅಡಿಕೆ ಮರ, ಕರೆಂಟ್ ತಂತಿ, ಗೋಪುರದ ತುದಿ, ಹೀಗೆ ನಮ್ಮೂರ ಅರ್ಧ ಫೋಟೋಗಳಲ್ಲಿ ಇದು ಇರುತ್ತದೆ. ಲೈಟ್‌ರೂಮಿನಲ್ಲಿ ಲೆನ್ಸ್ ಕರೆಕ್ಷನ್ ಅನ್ನುವ ಕಡೆ ಇದಕ್ಕೊಂದು ಟಿಕ್ ಗುರುತು ಇದೆ. ಟಿಕ್ ಹಾಕಿದರೆ ಬಹುಪಾಲು ಹೋಗುತ್ತದೆ, ಉಳಿದದ್ದಕ್ಕೆ ಅದೇ ಕಡೆ ಡಿಫ್ರಿಂಜ್ ಇದೆ. ನನ್ನ ಹಿನ್ನೀರಿನ ಫೋಟೋಗೆ ಬೇಕಾಗಿದ್ದದ್ದು ಅಷ್ಟೇ, ಅರ್ಧ ನಿಮಿಷದ ಕೆಲಸ.

ಮೂರನೆಯದು ಆಕಾಶದಲ್ಲಿ ಕಾಣುವ ಬೂದು ಚುಕ್ಕೆಗಳು. ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ಸೆನ್ಸರ್ ಮೇಲೆ ಧೂಳು ಕೂರುತ್ತದೆ. ಎಫ್ 16, ಎಫ್ 22ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತೀರಾ ಕಿರಿದು ಮಾಡಿ ತೆಗೆದರೆ ಎದ್ದು ಕಾಣುತ್ತದೆ. ಧೂಳಿದೆಯಾ ನೋಡಬೇಕು ಅಂದರೆ ಎಫ್ 22ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೋ ತೆಗೆಯಿರಿ. ಮಾರ್ಚ್ ತಿಂಗಳಲ್ಲಿ ಹಳ್ಳಿ ರಸ್ತೆಯಲ್ಲಿ ಲೆನ್ಸ್ ಬಿಚ್ಚಿದವರಿಗೆ ಕಾಣುವ ನಕ್ಷತ್ರಮಂಡಲ ನೋಡುವ ಹಾಗಿರುತ್ತದೆ! ಬಾಯಿಂದ ಊದಬೇಡಿ, ಎಂಜಲು ಹಾರಿ ಅಂಟಿಕೊಳ್ಳುತ್ತದೆ. ರಬ್ಬರ್ ಬ್ಲೋಯರ್ ಸಿಗುತ್ತದೆ. ಫೋಟೋದಲ್ಲಿ ಈಗಾಗಲೇ ಬಂದಿರುವ ಚುಕ್ಕೆಗಳನ್ನು ಹೀಲಿಂಗ್ ಬ್ರಷ್‌ನಿಂದ ಒಂದೊಂದಾಗಿ ತೆಗೆಯಿರಿ.

ಇನ್ನು ಕಾಳು. ಇದಕ್ಕೆ ನಾಯ್ಸ್ ಅನ್ನುತ್ತಾರೆ, ಸ್ವಲ್ಪ ಇದ್ದರೆ ಸಾಫ್ಟ್‌ವೇರಿನಲ್ಲಿ ಕಡಿಮೆ ಮಾಡಬಹುದು. ಜಾಸ್ತಿ ಎಳೆದರೆ ಅಜ್ಜಿಯ ಮುಖ ಮೇಣದ ಗೊಂಬೆ ಆಗುತ್ತದೆ. ಬಣ್ಣದ್ದೂ ಅದೇ ಕಥೆ. ಇನ್‌ಸ್ಟಾಗ್ರಾಮಿಗೆ ಹಾಕುವಷ್ಟು ಗಾಢ ಬಣ್ಣ ಇಲ್ಲಿ ಬೇಡ. ಕೊಂಡವರು ತಮಗೆ ಬೇಕಾದ ಹಾಗೆ ಏರಿಸಿಕೊಳ್ಳುತ್ತಾರೆ. ಕೊನೆಗೆ ಕ್ಷಿತಿಜ ಓರೆಯಾಗಿದ್ದರೆ ನೇರ ಮಾಡಿ. ಕೆರೆಯ ನೀರು ಒಂದು ಕಡೆಗೆ ಚೆಲ್ಲುವ ಹಾಗೆ ಕಾಣಬಾರದು ಅಲ್ವಾ?

ಲೋಗೋ, ಮುಖ, ಸಹಿ

ಫೋಟೋ ತಾಂತ್ರಿಕವಾಗಿ ಚೆನ್ನಾಗಿದ್ದೂ ವಾಪಸ್ ಬಂದರೆ ಕಾರಣ ಸಾಮಾನ್ಯವಾಗಿ ಇಲ್ಲಿರುತ್ತದೆ.

ಜಾಹೀರಾತಿಗೆ ಬಳಸಬಹುದಾದ ಫೋಟೋದಲ್ಲಿ ಯಾವ ಕಂಪನಿಯ ಹೆಸರು, ಲೋಗೋ ಕಾಣಬಾರದು. ಕೇಳಲು ಸುಲಭ. ಒಂದು ಸಲ ಫಿಲ್ಟರ್ ಕಾಫಿಯ ಫೋಟೋ ತೆಗೆದು, ಲೋಟ, ಡಬರಿ, ನೊರೆ ಎಲ್ಲ ಸರಿಯಾಗಿದೆ ಅಂತ ಖುಷಿಯಲ್ಲಿದ್ದೆ. ಹಿಗ್ಗಿಸಿ ನೋಡಿದರೆ ಹಿಂದೆ ನಂದಿನಿ ಹಾಲಿನ ಪ್ಯಾಕೆಟ್ ಇತ್ತು. ಅದರ ಪಕ್ಕ ಗ್ಯಾಸ್ ಸ್ಟೋವಿನ ಹೆಸರು. ಅದನ್ನೂ ಅಳಿಸಿದ ಮೇಲೆ ಸ್ಟೀಲ್ ಲೋಟದಲ್ಲೇ ಪ್ರತಿಬಿಂಬವಾಗಿ ನನ್ನ ಟೀ ಶರ್ಟಿನ ಲೋಗೋ! ಚಪ್ಪಲಿಯ ಪಟ್ಟಿ, ಮಿಕ್ಸಿ, ಗಡಿಯಾರದ ಮುಖ, ಆಟೋದ ಹಿಂಭಾಗ, ಬಟ್ಟೆ ಅಂಗಡಿಯ ಕವರ್ ಇವುಗಳನ್ನು ಮರೆಯದೆ ನೋಡಿ. ಸಣ್ಣದಿದ್ದರೆ ಅಳಿಸಿ. ಸಾಧ್ಯವಾದರೆ ತೆಗೆಯುವ ಮುಂಚೆಯೇ ಪಕ್ಕಕ್ಕೆ ಸರಿಸಿ. ವಾಹನದ ನಂಬರ್ ಪ್ಲೇಟ್ ಕೂಡ ಅಳಿಸಬೇಕು. ಅಂಗಡಿಯ ಕ್ಯುಆರ್ ಕೋಡ್ ಹಾಗೇ ಬಿಟ್ಟರೆ ಜಗತ್ತಿನಲ್ಲಿ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಅಂಗಡಿಯವರ ಹೆಸರು ನೋಡಬಹುದು.

ಗುರುತು ಸಿಗುವ ಮನುಷ್ಯರು ಇದ್ದರೆ ಮಾಡೆಲ್ ರಿಲೀಸ್ ಬೇಕು. ನನ್ನ ಫೋಟೋವನ್ನು ವ್ಯಾಪಾರಕ್ಕೆ ಬಳಸಲು ಒಪ್ಪಿಗೆ ಇದೆ ಅಂತ ಸಹಿ ಮಾಡಿದ ಕಾಗದ ಅದು. ಸೈಟುಗಳೇ ಅದರ ನಮೂನೆ ಕೊಡುತ್ತವೆ. ಮನೆಯವರಾದರೂ ಬೇಕು. ನಮ್ಮ ಅಜ್ಜಿ ಹತ್ತಿರ ಮೊದಲ ಸಲ ಆ ಕಾಗದ ತೆಗೆದುಕೊಂಡು ಹೋದಾಗ ಕನ್ನಡಕ ಏರಿಸಿ ಕೇಳಿದರು, "ಎಂತಕ್ಕೋ ಸೈನು? ತೋಟ ಬರೆಸ್ಕೊಳ್ತಿದ್ದೀಯಾ ಎಂತ?" ಕೂತು ಪೂರ್ತಿ ವಿವರಿಸಿದೆ. ನಿಮ್ಮ ಮುಖ ಯಾವುದೋ ಊರಿನ ಔಷಧಿ ಜಾಹೀರಾತಿನಲ್ಲಿ ಬಂದರೂ ಬರಬಹುದು ಅಂತಲೂ ಹೇಳಿದೆ. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಅಜ್ಜಿ ನಕ್ಕು ಸಹಿ ಹಾಕಿದರು.

ರಿಲೀಸ್ ತಿರಸ್ಕಾರವಾಗುವುದು ಸಣ್ಣ ಸಣ್ಣ ಕಾರಣಗಳಿಗೆ: ಸಾಕ್ಷಿಯ ಸಹಿ ಇಲ್ಲ, ಫೋಟೋ ತೆಗೆದ ತಾರೀಕು ತಪ್ಪಾಗಿದೆ, ಸ್ಕ್ಯಾನ್ ಮಾಡುವಾಗ ಕಾಗದದ ಮೂಲೆ ಕತ್ತರಿಸಿಹೋಗಿದೆ. 18 ವರ್ಷದ ಒಳಗಿನವರಾದರೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು. ಕೈ ಮಾತ್ರ ಕಂಡರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಆದರೆ ಕೈ ಮೇಲೆ ಹಚ್ಚೆ ಇದ್ದರೆ ಗುರುತು ಸಿಗುತ್ತದೆ ಅನ್ನಬಹುದು.

ಕಟ್ಟಡಗಳದ್ದು ಇನ್ನೊಂದು ಗೋಜಲು. ಪ್ಯಾರಿಸ್ಸಿನ ಐಫೆಲ್ ಟವರನ್ನು ಹಗಲು ತೆಗೆದರೆ ತಕರಾರಿಲ್ಲ, ರಾತ್ರಿಯ ದೀಪಾಲಂಕಾರಕ್ಕೆ ಕಾಪಿರೈಟ್ ಇದೆ ಅನ್ನುತ್ತಾರೆ. ಇಂಥವುಗಳ ಪಟ್ಟಿಯನ್ನು ಸೈಟುಗಳು ಇಟ್ಟಿರುತ್ತವೆ. ಅಪ್‌ಲೋಡ್ ಮಾಡುವ ಮುಂಚೆ ಒಮ್ಮೆ ಅದರಲ್ಲಿ ಹುಡುಕಿ ನೋಡಿ. ಖಾಸಗಿ ಮನೆಯ ಒಳಗೆ ತೆಗೆದಿದ್ದರೆ ಮನೆಯವರಿಂದ ಪ್ರಾಪರ್ಟಿ ರಿಲೀಸ್ ತೆಗೆದುಕೊಳ್ಳಿ.

ರಿಲೀಸ್ ಸಿಗದಿದ್ದರೆ ಎಡಿಟೋರಿಯಲ್

ಮೈಸೂರು ದಸರಾದ ಜಂಬೂ ಸವಾರಿಯಲ್ಲಿ ನಿಂತವರೆಲ್ಲರ ಸಹಿ ತರಲು ಆಗುತ್ತದಾ? ಅಂಥ ಫೋಟೋಗಳಿಗೆ ಎಡಿಟೋರಿಯಲ್ ಅಂತ ಬೇರೆ ವಿಭಾಗ ಇದೆ. ಸುದ್ದಿ, ಲೇಖನಗಳಿಗೆ ಮಾತ್ರ ಬಳಸಬಹುದು, ಜಾಹೀರಾತಿಗೆ ಇಲ್ಲ. ಅಲ್ಲಿ ಲೋಗೋ, ಮುಖ ಎಲ್ಲ ಇರಬಹುದು. ಆದರೆ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಬೆಳಕು, ಬಣ್ಣ ಸ್ವಲ್ಪ ಸರಿ ಮಾಡಿ ಕತ್ತರಿಸಬಹುದು ಅಷ್ಟೆ.

ಶಟರ್‌ಸ್ಟಾಕ್‌ನಲ್ಲಿ ಇದರ ವಿವರಣೆಗೆ ಒಂದು ಅಚ್ಚು ಇದೆ: ಊರು, ದೇಶ, ಒಂದು ಅಡ್ಡಗೆರೆ, ತಿಂಗಳು, ದಿನ, ವರ್ಷ, ಆಮೇಲೆ ಕೋಲನ್, ಆಮೇಲೆ ವಿಷಯ. "ಮೈಸೂರು, ಇಂಡಿಯಾ - ಅಕ್ಟೋಬರ್ 24 2023:" ಅಂತ ಶುರು ಮಾಡಿ ಅಂಬಾರಿ ಆನೆ ಮೆರವಣಿಗೆಯಲ್ಲಿ ಸಾಗುತ್ತಿದೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ತಾರೀಕು ಫೋಟೋ ತೆಗೆದ ದಿನದ್ದೇ ಇರಬೇಕು. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಅಡೋಬಿಯಲ್ಲಿ ಎಡಿಟೋರಿಯಲ್ ಅಂದರೆ ಬ್ರಾಂಡುಗಳು, ವಸ್ತುಗಳು ಮಾತ್ರ. ಗುರುತು ಸಿಗುವ ಜನ ಇದ್ದರೆ ಅದು ನಡೆಯುವುದಿಲ್ಲ. ಒಂದೇ ಫೋಟೋ ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್ ಆಗುವುದು ಹೀಗೆ.

ಕೀವರ್ಡ್ ಮತ್ತು ಜೀರುಂಡೆ

ಪಾಸಾದ ಫೋಟೋ ಯಾರ ಕಣ್ಣಿಗೂ ಬೀಳದಿದ್ದರೆ ಪಾಸಾಗಿ ಏನು ಬಂತು? ಕೊಳ್ಳುವವರು ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಶಟರ್‌ಸ್ಟಾಕ್ 7ರಿಂದ 50 ಕೀವರ್ಡ್, ಅಂದರೆ ಹುಡುಕುವ ಪದ ಕೇಳುತ್ತದೆ, ಅಡೋಬಿ 49ರವರೆಗೆ. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ತೂಕ ಜಾಸ್ತಿ, ಹಾಗಾಗಿ ಮುಖ್ಯವಾದವು ಮೇಲಿರಲಿ.

ಅಡಿಕೆ ಸುಲಿಯುವ ಕೈ ಫೋಟೋಗೆ ನಾನು ಮೊದಲು ಬರೆದದ್ದು ಬೀಟಲ್ ನಟ್ ಅಂತ. ಸ್ಪೆಲಿಂಗಿನಲ್ಲಿ ಒಂದಕ್ಷರ ಜಾಸ್ತಿ ಆಗಿ, ಒಂದು ಅಕ್ಷರ ಹಿಂದೆ ಮುಂದೆ ಆಗಿ ಅದು ವೀಳ್ಯದ ಬೀಟಲ್ ಹೋಗಿ ಜೀರುಂಡೆಯ ಬೀಟಲ್ ಆಗಿತ್ತು! ಒಂದು ವರ್ಷ ಆ ಫೋಟೋವನ್ನು ಕಂಡವರು ಯಾರಾದರೂ ಇದ್ದರೆ ಕೀಟಶಾಸ್ತ್ರದವರೇ ಇರಬೇಕು. ಸರಿ ಮಾಡಿ ಅರೆಕಾ ನಟ್, ಅದರ ವೈಜ್ಞಾನಿಕ ಹೆಸರಾದ ಅರೆಕಾ ಕಟೆಚು, ಜೊತೆಗೆ ಕೈ, ಕೊಯ್ಲು, ರೈತ, ಸಾಂಪ್ರದಾಯಿಕ ಕೆಲಸ, ಕರ್ನಾಟಕ, ದಕ್ಷಿಣ ಭಾರತ ಇವುಗಳನ್ನೆಲ್ಲ ಇಂಗ್ಲಿಷಿನಲ್ಲಿ ಸೇರಿಸಿದೆ. ಹಿಂದಿಯವರು ಸುಪಾರಿ ಅಂತ ಹುಡುಕುತ್ತಾರೆ, ಅದೂ ಇರಲಿ.

ಫೋಟೋದಲ್ಲಿ ಇಲ್ಲದ್ದನ್ನು ಹಾಕಬೇಡಿ. ತಾಜ್ ಮಹಲ್ ಅಂತ ಹುಡುಕುವವರಿಗೆ ನಮ್ಮ ಅಡಿಕೆ ಕಂಡರೆ ಲಾಭವಿಲ್ಲ, ಕೀವರ್ಡಿನ ಕಾರಣಕ್ಕೇ ಫೋಟೋ ವಾಪಸ್ ಬರುತ್ತದೆ. ಪದೇ ಪದೇ ಹಾಗೆ ಮಾಡಿದರೆ ಖಾತೆಗೇ ಸಂಚಕಾರ. ಶೀರ್ಷಿಕೆ ಒಂದು ಪೂರ್ತಿ ವಾಕ್ಯ ಇರಲಿ, ಯಾರು ಏನು ಮಾಡುತ್ತಿದ್ದಾರೆ, ಎಲ್ಲಿ ಅಂತ. ಕವಿತೆ ಬೇಡ. ಇದನ್ನೆಲ್ಲ ಲೈಟ್‌ರೂಮ್ ಅಥವಾ ಡಿಜಿಕ್ಯಾಮ್ ಸಾಫ್ಟ್‌ವೇರಿನಲ್ಲಿ ಫೋಟೋದ ಫೈಲಿನ ಒಳಗೇ ಬರೆದಿಟ್ಟರೆ ಯಾವ ಸೈಟಿಗೆ ಹಾಕಿದರೂ ತಾನೇ ಬರುತ್ತದೆ, ಪ್ರತಿ ಸಲ ಟೈಪ್ ಮಾಡುವ ಕೆಲಸ ಇಲ್ಲ.

ಎಐ ಬಗ್ಗೆಯೂ ಕೇಳುತ್ತಾರೆ. ಎಐನಿಂದ ಮಾಡಿಸಿದ ಚಿತ್ರವನ್ನು ಶಟರ್‌ಸ್ಟಾಕ್ ನಮ್ಮಂಥವರಿಂದ ತೆಗೆದುಕೊಳ್ಳುವುದಿಲ್ಲ. ಅಡೋಬಿ ತೆಗೆದುಕೊಳ್ಳುತ್ತದೆ, ಆದರೆ ಎಐನದ್ದು ಅಂತ ಗುರುತು ಹಾಕಲೇಬೇಕು.

ವಾಪಸ್ ಬಂದಾಗ

ಬರುತ್ತದೆ. ವರ್ಷಗಟ್ಟಲೆ ಮಾಡಿದವರಿಗೂ ಬರುತ್ತದೆ. ಏನೂ ಬದಲಿಸದೆ ಅದೇ ಫೈಲನ್ನು ಮತ್ತೆ ಮತ್ತೆ ಒತ್ತಬೇಡಿ. ಕಾರಣ ಓದಿ, ಸರಿ ಮಾಡಬಹುದಾದದ್ದಾ ನೋಡಿ. ಲೋಗೋ, ಧೂಳು, ನೇರಳೆ ಗೆರೆ, ರಿಲೀಸ್, ಕೀವರ್ಡ್ ಇವನ್ನು ಸರಿ ಮಾಡಿ ಮತ್ತೆ ಕಳಿಸಬಹುದು. ಫೋಕಸ್ ತಪ್ಪಿದ್ದರೆ ಮತ್ತೆ ಹೋಗಿ ತೆಗೆಯುವುದೇ ದಾರಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ವಾಪಸ್ ಬಂದ ಕಾರಣ ಬರೆದಿಡುತ್ತಿದ್ದೆ. ಒಂದು ತಿಂಗಳ ನಂತರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ತಪ್ಪು: ಸಂಜೆ ಆರರ ಮೇಲೆ ಕೈಯಲ್ಲೇ ಹಿಡಿದು ತೆಗೆದವು. ಆಮೇಲೆ ಆ ಹೊತ್ತಿನಲ್ಲಿ ಟ್ರೈಪಾಡ್ ಇಲ್ಲದೆ ಕ್ಯಾಮೆರಾ ತೆಗೆಯುವುದನ್ನೇ ಬಿಟ್ಟೆ.

ದುಡ್ಡಿನ ವಿಷಯ

ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ. ಶಟರ್‌ಸ್ಟಾಕ್‌ನಲ್ಲಿ 2020ರ ಜೂನ್‌ನಿಂದ ನಮ್ಮ ಪಾಲು 15ರಿಂದ 40 ಪರ್ಸೆಂಟ್. ಜಾಸ್ತಿ ಮಾರಿದ ಹಾಗೆ ಪಾಲು ಏರುತ್ತದೆ, ಆದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಒಂದು ಡೌನ್‌ಲೋಡಿಗೆ 10 ಸೆಂಟ್ ಬರುವುದೂ ಉಂಟು. ಅಡೋಬಿ ಫೋಟೋಗೆ 33 ಪರ್ಸೆಂಟ್ ಕೊಡುತ್ತದೆ, 25 ಡಾಲರ್ ಆದ ಮೇಲೆ ಹಣ ತೆಗೆಯಬಹುದು.

ಹಣ ಕೇಳುವ ಮುಂಚೆ ಡಬ್ಲ್ಯು-8 ಬೆನ್ ಅನ್ನುವ ಅಮೆರಿಕದ ತೆರಿಗೆ ಫಾರ್ಮನ್ನು ಸೈಟಿನಲ್ಲೇ ತುಂಬಿ. ತುಂಬದಿದ್ದರೆ ಅಮೆರಿಕದವರು ಕೊಂಡ ಫೋಟೋಗಳ ಹಣದಲ್ಲಿ 30 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ. ಭಾರತ ಮತ್ತು ಅಮೆರಿಕದ ನಡುವೆ ತೆರಿಗೆ ಒಪ್ಪಂದ ಇರುವುದರಿಂದ, ಫಾರ್ಮ್ ತುಂಬಿದರೆ ರಾಯಲ್ಟಿಗೆ ಅದು 15ಕ್ಕೆ ಇಳಿಯುತ್ತದೆ. ತೆರಿಗೆ ಸಂಖ್ಯೆ ಕೇಳುವ ಜಾಗದಲ್ಲಿ ನಿಮ್ಮ ಪ್ಯಾನ್ ನಂಬರ್ ಹಾಕಿ. ದೇಶದ ಹೆಸರು ಆರಿಸುವ ಪಟ್ಟಿಯಲ್ಲಿ ಇಂಡಿಯಾದ ಕೆಳಗೇ ಇಂಡೋನೇಷ್ಯಾ ಇರುತ್ತದೆ, ಮೊಬೈಲಿನಲ್ಲಿ ತುಂಬುವವರು ಬೆರಳು ಎಲ್ಲಿ ಬಿತ್ತು ಅಂತ ಇನ್ನೊಂದು ಸಲ ನೋಡಿಕೊಳ್ಳಿ.